ನೋಟ, ಗುರುತು, ನೆನಪು, ಹೆಸರು: ಶಾಸನದ ಓದಿನಲ್ಲಿ ಮೆದುಳಿನ ವ್ಯಾಪಾರ

ಸವದತ್ತಿಗೆ ಸಮೀಪದ ಹೂಲಿಯು ಶಾಸನಾಭ್ಯಾಸಿಗಳಿಗೆ ಹೊಸ ಊರಲ್ಲ. ಪಂಚಲಿಂಗೇಶ್ವರ ದೇವಾಲಯವೂ ಹಾಳುಬಿದ್ದ ಇತರ ಗುಡಿಗಳೂ ಅದರ ಹಳಮೆಗೆ ಸಾಕ್ಷಿಯಾಗಿವೆ. ಅಲ್ಲಿಯ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆ ಶಾಸನಗಳಲ್ಲಿ ಊರಿನ ಹೆಸರು ‘ಪೂಲಿ’.

ಹಿಂದೊಮ್ಮೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದಾಗ ನಮ್ಮಿಂದಲೇ ಒಂದು ಪ್ರಮಾದ ಘಟಿಸಿತು. ಒಡೆದ ಕಲ್ಲೊಂದರ ಮೇಲೆ ‘ಪೂ’ ಎಂಬ ಅಕ್ಷರವು ಸ್ಪಷ್ಟವಾಗಿತ್ತು. ಮುಂದಿನದನ್ನು ‘ಲಿ’ ಎಂದು ನಾವು ಓದಿದೆವು. ವಿದ್ಯಾರ್ಥಿಗಳೂ ಹಾಗೆಯೇ ಬರೆದುಕೊಂಡರು. ಮರುದಿನ ಒದ್ದೆಯ ಕಾಗದವನ್ನು ಕಲ್ಲಿಗೆ ಕೂಡಿಸಿ, ಮಸಿಯಿಂದ ಪಡಿಯಚ್ಚು ತೆಗೆದು ನೋಡಲಾಗಿ ಅಲ್ಲಿ ಅಕ್ಷರವೇ ಇರಲಿಲ್ಲ. ಚಕ್ಕೆ ಎದ್ದುಹೋದ ಗುಳಿ ಮಾತ್ರವಿತ್ತು. ಪಡಿಯಚ್ಚು ತೆಗೆಯದೆ ಇದ್ದಿದ್ದರೆ ಇಲ್ಲದ ಆಧಾರವೊಂದು ಇತಿಹಾಸದಲ್ಲಿ ಸೇರಿಹೋಗುತ್ತಿತ್ತು. ನಮ್ಮ ಕಣ್ಣಿನಲ್ಲಿ ದೋಷವಿರಲಿಲ್ಲ. ಹಾಗಾದರೆ ಇಲ್ಲದ ಅಕ್ಷರವನ್ನು ಕಂಡವರಾರು? ಈ ಪ್ರಶ್ನೆಯನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸುವೆವು.

ನಮ್ಮ ನೈಯಾಯಿಕರು ಪ್ರತ್ಯಕ್ಷವನ್ನು ನಿರ್ವಿಕಲ್ಪಕ, ಸವಿಕಲ್ಪಕ ಎಂದು ಎರಡಾಗಿ ವಿಭಜಿಸಿದರು. ‘ಏನೋ ಇದೆ’ ಎಂಬುದು ಮೊದಲನೆಯದು. ‘ಇದು ಇಂಥದು’ ಎಂಬುದು ಎರಡನೆಯದು. ಮೆದುಳಿನ ಶಾಸ್ತ್ರವು ಬೇರೊಂದು ದಾರಿಯಿಂದ ಬಂದು ಇದನ್ನು ಹೋಲುವ ಭೇದವನ್ನೇ ಮಾಡಿತು. ಕಣ್ಣಿನ ಒಳಪೊರೆಯ ಮೇಲೆ ಬಿದ್ದ ಬೆಳಕಿನ ಸುದ್ದಿಯು ನರಗಳ ಮೂಲಕ ಮೆದುಳಿನ ಹಿಂಭಾಗವನ್ನು ಸೇರುತ್ತದೆ. ಅಲ್ಲಿ ಗೆರೆ, ಅಂಚು, ಓರೆ ಮೊದಲಾದವು ಬೇರೆಬೇರೆಯಾಗಿ ಗ್ರಹಿಸಲ್ಪಡುತ್ತವೆ. ಅವು ಕೂಡಿ ಒಂದು ಆಕಾರವಾಗುವುದೂ, ಆ ಆಕಾರವು ಪರಿಚಿತವೆನಿಸುವುದೂ ಮುಂದಿನ ಕಾರ್ಯಗಳು. ಇವುಗಳಲ್ಲಿ ಕಪೋಲದ ಕಡೆಯ ಹಾಲೆಯ ಕೆಳಮೈಗೆ ಮುಖ್ಯ ಪಾತ್ರವಿದೆ.

1890ರಲ್ಲಿ ಜರ್ಮನಿಯ ಲಿಸಾವರ್ ಎಂಬ ವೈದ್ಯನು, ಕಣ್ಣಿದ್ದೂ ವಸ್ತುವನ್ನು ಗುರುತಿಸಲಾಗದ ರೋಗಿಗಳಲ್ಲಿ ಎರಡು ಬಗೆಯನ್ನು ಹೇಳಿದನು. ಒಂದು ಬಗೆಯವರಿಗೆ ಗೆರೆಗಳು ಕೂಡಿ ಆಕಾರವಾಗುವುದಿಲ್ಲ. ಇನ್ನೊಂದು ಬಗೆಯವರಿಗೆ ಆಕಾರವು ಕಾಣುತ್ತದೆ, ಅದನ್ನು ನೋಡಿ ಚಿತ್ರವನ್ನೂ ತೆಗೆಯಬಲ್ಲರು; ಆದರೆ ಅದು ಏನೆಂಬುದು ತಿಳಿಯದು. 1892ರಲ್ಲಿ ಫ್ರಾನ್ಸಿನ ದೆಜೆರಿನ್ ವರ್ಣಿಸಿದ ರೋಗಿಯ ಸ್ಥಿತಿ ಇನ್ನೂ ವಿಚಿತ್ರವಾದುದು. ಅವನು ಬರೆಯಬಲ್ಲವನಾಗಿದ್ದನು, ಬರೆದುದನ್ನು ತಾನೇ ಓದಲಾರದವನಾಗಿದ್ದನು. ಮೆದುಳಿನ ಎಡಗಡೆಯ ಹಿಂಭಾಗಕ್ಕೆ ಆದ ಹಾನಿಯಿಂದ, ಕಂಡ ಅಕ್ಷರಕ್ಕೂ ಭಾಷೆಗೂ ನಡುವಣ ದಾರಿ ಕಡಿದುಹೋಗಿದ್ದಿತು.

ಆರೋಗ್ಯವಂತನಾದ ವಿದ್ಯಾರ್ಥಿಯೂ ಒಮ್ಮೊಮ್ಮೆ ಇಂಥ ಸ್ಥಿತಿಯನ್ನು ಅನುಭವಿಸುತ್ತಾನೆ. ವರ್ಣಮಾಲೆಯಿಂದ ಮರೆಯಾದ ‘ೞ’ವನ್ನು ಮೊದಲ ಸಲ ಕಂಡವನು ಅದನ್ನು ತಪ್ಪಿಲ್ಲದೆ ನಕಲು ಮಾಡಬಲ್ಲನು, ಹೆಸರಿಸಲಾರನು. ರೋಗಿಯಲ್ಲಿ ದಾರಿ ಕೆಟ್ಟಿದೆ. ಇವನಲ್ಲಿ ದಾರಿ ಇನ್ನೂ ಆಗಿಲ್ಲ.

ಇನ್ನು ನೆನಪಿನ ವಿಷಯ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಎಂಬಾತನಿಗೆ ಅಪಸ್ಮಾರದ ನಿವಾರಣೆಗಾಗಿ ಶಸ್ತ್ರಕ್ರಿಯೆ ನಡೆಯಿತು. ಮೆದುಳಿನ ಎರಡೂ ಪಾರ್ಶ್ವಗಳಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಆಮೇಲೆ 2008ರಲ್ಲಿ ಸಾಯುವವರೆಗೂ ಹೊಸ ಸಂಗತಿಗಳು ಅವನ ನೆನಪಿನಲ್ಲಿ ನೆಲೆನಿಲ್ಲುವುದು ದುಸ್ಸಾಧ್ಯವಾಯಿತು. ಆದರೂ ಕನ್ನಡಿಯಲ್ಲಿ ನೋಡುತ್ತ ಗೆರೆ ಎಳೆಯುವ ಕೌಶಲವನ್ನು ಅವನ ಕೈ ಕಲಿಯಿತು. ಕಲಿತುದರ ಅರಿವು ಮಾತ್ರ ಅವನಿಗಿರಲಿಲ್ಲ. ನೆನಪು ಎಂಬುದು ಒಂದೇ ಉಗ್ರಾಣವಲ್ಲವೆಂದು ಇದರಿಂದ ಸಿದ್ಧವಾಯಿತು. ಅದು ಇಟ್ಟುದನ್ನು ಇಟ್ಟಂತೆ ಮರಳಿ ಕೊಡುವ ಉಗ್ರಾಣವೂ ಅಲ್ಲ. ಸ್ಮರಣೆಯು ಪ್ರತಿಸಲವೂ ಒಂದು ಪುನರ್ರಚನೆ ಎಂಬುದನ್ನು ಇಂಗ್ಲೆಂಡಿನ ಬಾರ್ಟ್ಲೆಟ್ 1932ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಹೆಸರಿಸುವುದು ಮತ್ತೊಂದು ಬೇರೆಯೇ ವ್ಯಾಪಾರ. ಕೆಲವು ರೋಗಿಗಳು ಕೀಲಿಯನ್ನು ಕೈಯಲ್ಲಿ ಹಿಡಿದು, ತಿರುಗಿಸುವ ರೀತಿಯನ್ನು ತೋರಿಸಿ, ಬೀಗ ತೆಗೆಯಲೆಂದೂ ಹೇಳಬಲ್ಲರು. ಅದರ ಹೆಸರು ಮಾತ್ರ ಬಾಯಿಗೆ ಬಾರದು. ಗೊತ್ತಿರುವ ಹೆಸರು ನಾಲಗೆಯ ತುದಿಯಲ್ಲಿ ನಿಂತುಬಿಡುವ ಅನುಭವ ನಮಗೆಲ್ಲರಿಗೂ ಉಂಟು.

ಈ ನಾಲ್ಕೂ ಒಂದಾದಮೇಲೊಂದರಂತೆ ನಡೆಯುವ ಮೆಟ್ಟಿಲುಗಳೆಂದು ಭಾವಿಸಿದರೆ ತಪ್ಪಾದೀತು. ಕಣ್ಣಿನಿಂದ ಸುದ್ದಿ ಮೇಲೇರುವಂತೆ ನೆನಪಿನಿಂದ ನಿರೀಕ್ಷೆಯು ಕೆಳಗಿಳಿಯುತ್ತದೆ. ಕಂಡದ್ದು ಅಸ್ಪಷ್ಟವಾದಷ್ಟೂ ನಿರೀಕ್ಷೆಯ ಬಲ ಹೆಚ್ಚು. ಹೂಲಿಯಲ್ಲಿ ನಿಂತು ‘ಪೂ’ ಎಂಬುದನ್ನು ಕಂಡ ನಮಗೆ ‘ಲಿ’ಯನ್ನು ಒದಗಿಸಿದ್ದು ಕಲ್ಲಲ್ಲ, ನಾವು ಮೊದಲೇ ಓದಿದ್ದ ಗ್ರಂಥ.

ಹಾಗೆಂದು ನಿರೀಕ್ಷೆಯನ್ನು ಬಿಟ್ಟರೆ ಓದು ಸಾಗುವುದಿಲ್ಲ. ಹಳೆಯ ಕನ್ನಡ ಲಿಪಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳಿಗೆ ಬೇರೆ ಗುರುತಿರಲಿಲ್ಲ. ‘ಕೊಡು’ ಎಂಬುದೋ ‘ಕೋಡು’ ಎಂಬುದೋ, ಅದನ್ನು ನಿರ್ಣಯಿಸಬೇಕಾದುದು ಭಾಷೆಯನ್ನು ಬಲ್ಲ ನೆನಪು. ಪೂಲಿಯೇ ಹೂಲಿ ಎಂಬುದೂ ಒಂದು ಪ್ರತ್ಯಭಿಜ್ಞೆಯೇ. ಪಾಲು ಹಾಲಾದ, ಪೂವು ಹೂವಾದ ನಿಯಮವನ್ನು ಬಲ್ಲವನು ಮಾರ್ಪಟ್ಟ ಹೆಸರಿನಲ್ಲಿಯೂ ಹಳೆಯ ಊರನ್ನು ಗುರುತಿಸುತ್ತಾನೆ. ತಪ್ಪಿಗೆ ಕಾರಣವಾದ ಶಕ್ತಿಯೇ ಜ್ಞಾನಕ್ಕೂ ಕಾರಣವೆಂಬುದನ್ನು ಮರೆಯಲಾಗದು.

ಆದುದರಿಂದ ಕೆಲವು ಕಟ್ಟುಪಾಡುಗಳು ಅವಶ್ಯ. ಅರ್ಥವನ್ನು ಯೋಚಿಸುವ ಮೊದಲು ಆಕಾರವನ್ನು ನಕಲು ಮಾಡಿಕೊಳ್ಳಬೇಕು. ಓರೆಬೆಳಕಿನಲ್ಲಿ ನೋಡಬೇಕು, ಪಡಿಯಚ್ಚು ತೆಗೆಯಬೇಕು. ನಮ್ಮ ಪಾಠವನ್ನು ಕೇಳಿರದ ಮತ್ತೊಬ್ಬರಿಂದ ಓದಿಸಬೇಕು. ಅಂದು ವಿದ್ಯಾರ್ಥಿಗಳಿಗೆ ನಾವು ಮೊದಲೇ ‘ಲಿ’ ಎಂದು ಹೇಳಿಬಿಟ್ಟೆವು. ಆದ್ದರಿಂದ ಅವರ ಒಪ್ಪಿಗೆ ಸಾಕ್ಷ್ಯವಾಗಲಿಲ್ಲ, ನಮ್ಮದೇ ಮಾತಿನ ಮಾರ್ದನಿಯಾಯಿತು. ಸಂದೇಹವಿರುವ ಅಕ್ಷರವನ್ನು ಕಂಸದಲ್ಲಿಡುವ ಸಂಪಾದಕರ ಪದ್ಧತಿಯು ಬರಿಯ ಮುದ್ರಣದ ಶಿಷ್ಟಾಚಾರವಲ್ಲ. ಕಲ್ಲು ಹೇಳಿದುದೆಷ್ಟು, ಮೆದುಳು ಸೇರಿಸಿದುದೆಷ್ಟು ಎಂಬುದರ ಲೆಕ್ಕ ಅದು.

ಆ ಕಲ್ಲಿನ ಪಾಠವನ್ನು ಈಗ ನಮ್ಮ ವಿಭಾಗದ ದಫ್ತರದಲ್ಲಿ ‘ಪೂ’ ಎಂಬಲ್ಲಿಗೇ ನಿಲ್ಲಿಸಿದ್ದೇವೆ. ಮುಂದಿನ ಸ್ಥಳವನ್ನು ಖಾಲಿ ಬಿಟ್ಟಿದ್ದೇವೆ.