ತೊಗಲುಗೊಂಬೆಯ ಅಂಚು: ಡಿಜಿಟಲ್ ಚಿತ್ರಗಳ ಹಿಗ್ಗಿಸುವಿಕೆ ಮತ್ತು ದಾಖಲೆಯ ಪ್ರಾಮಾಣ್ಯ

ಕರ್ನಾಟಕದ ತೊಗಲುಗೊಂಬೆಗಳ ಸೊಗಸು ಬಹುಮಟ್ಟಿಗೆ ಅವುಗಳ ಅಂಚುಗಳಲ್ಲಿದೆ. ಹದಗೊಳಿಸಿದ ತೊಗಲಿನ ಮೇಲೆ ಕಪ್ಪು ಗೆರೆಗಳಿಂದ ಆಕೃತಿ ಬರೆದು, ಕೆಂಪು, ಹಸಿರು ಮೊದಲಾದ ಬಣ್ಣಗಳನ್ನು ತುಂಬಿ, ಒಡವೆ ವಸ್ತ್ರಗಳ ಭಾಗದಲ್ಲಿ ಸಾಲುಸಾಲಾಗಿ ರಂಧ್ರಗಳನ್ನು ಕೊರೆಯುತ್ತಾರೆ. ಪರದೆಯ ಹಿಂದೆ ದೀಪ ಬೆಳಗಿದಾಗ ಈ ಗೆರೆ ಮತ್ತು ರಂಧ್ರಗಳೇ ಪಾತ್ರವನ್ನು ಗುರುತಿಸಿಕೊಡುತ್ತವೆ. ಆದ್ದರಿಂದ ಗೊಂಬೆಯ ಛಾಯಾಚಿತ್ರವನ್ನು ಹಿಗ್ಗಿಸುವಾಗ ಅಂಚು ಮಸುಕಾದರೆ ಮಾಹಿತಿಯೇ ನಷ್ಟವಾದಂತೆ.

ಡಿಜಿಟಲ್ ಕ್ಯಾಮೆರಾದ ಆರಂಭಕಾಲದ ಕ್ಷೇತ್ರಕಾರ್ಯದ ಚಿತ್ರಗಳು ಸಾಮಾನ್ಯವಾಗಿ ಚಿಕ್ಕವು. 1600×1200 ಪಿಕ್ಸೆಲ್‌ಗಳ ಚಿತ್ರವನ್ನು ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅದರ ಅಗಲ ಐದೂಕಾಲು ಅಂಗುಲವನ್ನು ತುಸುವೇ ಮೀರುತ್ತದೆ. ಉದ್ದಗಲಗಳನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ 16 ಪಟ್ಟಾಗುತ್ತದೆ. ಅಂದರೆ ಪ್ರತಿ 16ರಲ್ಲಿ 15 ಪಿಕ್ಸೆಲ್‌ಗಳು ಕ್ಯಾಮೆರಾ ಕಂಡವಲ್ಲ, ಗಣಕವು ಲೆಕ್ಕ ಹಾಕಿ ತುಂಬಿದವು.

ಈ ಲೆಕ್ಕಾಚಾರಕ್ಕೆ ಹಲವು ವಿಧಾನಗಳಿವೆ. ಸಮೀಪದ ಪಿಕ್ಸೆಲ್ಲನ್ನೇ ನಕಲು ಮಾಡಿದರೆ ಓರೆಗೆರೆಗಳು ಮೆಟ್ಟಿಲುಗಳಾಗುತ್ತವೆ. ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದುಕೊಂಡರೆ ಮೆಟ್ಟಿಲು ಕರಗುತ್ತದೆ, ಜೊತೆಗೆ ಅಂಚೂ ಕರಗುತ್ತದೆ. 1981ರಲ್ಲಿ ರಾಬರ್ಟ್ ಕೀಸ್ ವಿವರಿಸಿದ ಘನ ಸಮೀಕರಣದ ವಿಧಾನವು 16 ಪಿಕ್ಸೆಲ್‌ಗಳನ್ನು ಗಣನೆಗೆ ತೆಗೆದುಕೊಂಡು ಹೆಚ್ಚು ಸ್ಪಷ್ಟತೆ ನೀಡುತ್ತದೆಯಾದರೂ ಗಾಢವಾದ ಗೆರೆಯ ಪಕ್ಕದಲ್ಲಿ ಬಿಳಿಚಿದ ಪಟ್ಟಿಯನ್ನು ಉಳಿಸುವುದುಂಟು. ಈ ಮೂರಕ್ಕೂ ಅಂಚು ಯಾವ ದಿಕ್ಕಿಗೆ ಸಾಗಿದೆಯೆಂಬ ಅರಿವಿಲ್ಲ. 2001ರಲ್ಲಿ ಕ್ಸಿನ್ ಲಿ ಮತ್ತು ಮೈಕೆಲ್ ಆರ್ಚರ್ಡ್ ಪ್ರಕಟಿಸಿದ ವಿಧಾನವು ಮೂಲಚಿತ್ರದಲ್ಲಿಯೇ ನೆರೆಯ ಪಿಕ್ಸೆಲ್‌ಗಳ ಸಂಬಂಧವನ್ನು ಅಳೆದು, ಅಂಚನ್ನು ಅಡ್ಡಹಾಯದೆ ಅದರ ಗುಂಟ ಹೊಸ ಬೆಲೆಗಳನ್ನು ತುಂಬುತ್ತದೆ.

ವರ್ಣಚಿತ್ರದಲ್ಲಿ ಮತ್ತೊಂದು ತೊಡಕಿದೆ. ಕೆಂಪು, ಹಸಿರು, ನೀಲಿ ಪದರಗಳ ಅಂಚುಗಳನ್ನು ಬೇರೆ ಬೇರೆಯಾಗಿ ಹುಡುಕಿದರೆ ಅವು ಒಂದೇ ಕಡೆ ಕೂಡದೆ, ಕಲಾವಿದ ಬಳಸದ ಬಣ್ಣದ ಎಳೆಯೊಂದು ಗೆರೆಯ ಬದಿಯಲ್ಲಿ ಮೂಡಬಹುದು. ನಮ್ಮ ಕಣ್ಣು ಬಣ್ಣದ ವ್ಯತ್ಯಾಸಕ್ಕಿಂತ ಬೆಳಕಿನ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಗ್ರಹಿಸುವುದರಿಂದ, ಬೆಳಕಿನ ಪದರದಲ್ಲಿ ಅಂಚಿನ ದಿಕ್ಕನ್ನು ನಿರ್ಧರಿಸಿ ಮೂರು ಬಣ್ಣಗಳಿಗೂ ಅದನ್ನೇ ಅನ್ವಯಿಸುವುದು ಉಚಿತ.

2014ರ ನಂತರ ಬಂದ, ಅಸಂಖ್ಯ ಚಿತ್ರಗಳಿಂದ ತರಬೇತಿ ಪಡೆದ ನರಜಾಲ ವಿಧಾನಗಳ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಆದರೆ ಜಾನಪದ ಸಂಶೋಧಕನು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಮಸುಕಿನಲ್ಲಿ ಬೆರೆತುಹೋದ ಏಳು ರಂಧ್ರಗಳ ಸಾಲನ್ನು ಇಂಥ ತಂತ್ರಾಂಶವು ಒಂಬತ್ತಾಗಿಸಬಹುದು, ಅಖಂಡ ಗೆರೆಯಾಗಿಯೂ ಎಳೆಯಬಹುದು. ಕಾವ್ಯ ಹಾಡುವ ಕಲಾವಿದ ಮರೆತ ಸಾಲನ್ನು ಸಂಗ್ರಾಹಕನು ತಾನೇ ಕಟ್ಟಿ ಸೇರಿಸಿದರೆ ಅದು ಎಷ್ಟೇ ಸೊಗಸಾಗಿದ್ದರೂ ಪಠ್ಯವಾಗದು. ಚಿತ್ರಕ್ಕೂ ಇದೇ ನ್ಯಾಯ.

ಆದ್ದರಿಂದ ಮೂಲ ಕಡತವನ್ನು ತಿದ್ದದೆ ಕಾಪಾಡಬೇಕು. ಹಿಗ್ಗಿಸಿದ ಪ್ರತಿಯಲ್ಲಿ ಬಳಸಿದ ವಿಧಾನ ಮತ್ತು ಪ್ರಮಾಣವನ್ನು ನಮೂದಿಸಬೇಕು. ರಂಧ್ರವಿನ್ಯಾಸದ ಅಧ್ಯಯನಕ್ಕೆ ಮೂಲವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಗೊಂಬೆ ಇನ್ನೂ ಮೇಳದ ಪೆಟ್ಟಿಗೆಯಲ್ಲಿದ್ದರೆ ಮತ್ತೊಮ್ಮೆ ಅಲ್ಲಿಗೆ ಹೋಗಿ ಚಿತ್ರ ತೆಗೆಯುವುದೇ ಉತ್ತಮ. ಕ್ಯಾಮೆರಾ ಕಾಣದ ರಂಧ್ರವನ್ನು ಯಾವ ಗಣಿತವೂ ಮರಳಿ ಕೊರೆಯಲಾರದು.