ಬೆರಳ ತುದಿಯ ಹಿತ್ತಾಳೆ

ಗೇಟು ದಾಟಿದರೆ ಎಡಕ್ಕೆ ಮೂರು ಜಾವಾ, ಬಲಕ್ಕೆ ಟ್ಯಾಂಕು ಕಳಚಿಟ್ಟ ಒಂದು ಯೆಜ್ಡಿ. 1961ರಿಂದ 1996ರವರೆಗೆ ಈ ಬೈಕುಗಳು ತಯಾರಾದದ್ದು ಮೈಸೂರಿನಲ್ಲೇ. ಹಾಗಾಗಿ ಇಲ್ಲಿನ ಗ್ಯಾರೇಜಿನಲ್ಲಿ ಬೇಕಾದದ್ದೆಲ್ಲ ಸಿಕ್ಕೀತೆಂದು ನಂಬಿ ಬಂದಿದ್ದೆ. ಕ್ರ್ಯಾಂಕು, ಪಿಸ್ಟನ್ನು ಸಿಗುತ್ತವಂತೆ. ಪರದಾಟವೆಲ್ಲ ಕಾರ್ಬೊರೇಟರಿನೊಳಗಿನ ಚಿಲ್ಲರೆ ಸಾಮಾನಿಗೆ.

ಬಾಗಿಲ ಪಕ್ಕದ ಮೇಜಿನ ಮೇಲೆ ಜಿಕೋವ್ ಕಾರ್ಬೊರೇಟರೊಂದನ್ನು ಪೂರ್ತಿ ಬಿಚ್ಚಿ ಹರಡಿದ್ದರು. ಮೆಕ್ಯಾನಿಕ್ಕು ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಅದುಮಿ ಹಿಡಿದರು. ಅಂಚಿನಿಂದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಸೂಜಿಮೊನೆಯಷ್ಟು ತೂತು ಅಲ್ಲಿತ್ತು. ಒಳಗೆ ಸೇರಿದ ಪೆಟ್ರೋಲು ಪೂರ್ತಿ ಹೋಗುವವರೆಗೆ ಬೆಸುಗೆಯ ಮಾತಿಲ್ಲ. “ಬೆಸುಗೆ ಜಾಸ್ತಿ ಆಗಬಾರದು ಸಾರ್. ಫ್ಲೋಟು ಭಾರ ಆದರೆ ಪೆಟ್ರೋಲು ಮೇಲೇರಿ ಸುರಿಯುತ್ತೆ” ಎಂದರು.

ಒಳಕೋಣೆಯ ಗೋಡೆಗೆ ಡಬ್ಬಗಳ ಸಾಲು. ಒಂದರಿಂದ ಹೊಸ ಮೇನ್ ಜೆಟ್ ತೆಗೆದು ಹಳೆಯದರ ಪಕ್ಕ ಇಟ್ಟರು. ಎರಡರ ಮೇಲೂ ಒಂದೇ ನಂಬರು. ಬೆಳಕಿಗೆ ಹಿಡಿದಾಗ ಹಳೆಯದರ ತೂತು ತುಸು ದೊಡ್ಡದೆನಿಸಿತು. ನನ್ನ ಕಣ್ಣಿನ ದೋಷವೂ ಇರಬಹುದು ಎಂದುಕೊಂಡೆ. ಅವರು ಪಿನ್ ಗೇಜ್ ತೂರಿಸಿದರು. ಹೊಸದಕ್ಕೆ ಹೋಗದ ಪಿನ್ನು ಹಳೆಯದರೊಳಗೆ ಸಲೀಸಾಗಿ ಇಳಿಯಿತು. ಯಾರೋ ತಂತಿ ಹಾಕಿ ಚುಚ್ಚಿ ಚುಚ್ಚಿ ಶುಚಿ ಮಾಡಿದ್ದಿರಬೇಕು. ಹಾಗೆಂದು ನಂಬರು ನೋಡಿ ಹೊಸದನ್ನು ನಂಬುವಂತೆಯೂ ಇಲ್ಲ. ತೂತು ಕಿರಿದಾಗಿದ್ದರೆ ಅಪಾಯ ಇನ್ನೂ ಹೆಚ್ಚು: ಈ ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ; ಅದು ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಳೆಯದೆ ಜೆಟ್ ಹಾಕುವವರ ಕೈಗೆ ಹಳೆಯ ಬೈಕು ಕೊಡಲೇಬಾರದು ಎಂದು ನನಗಲ್ಲಿ ಗಟ್ಟಿಯಾಗಿ ಅನಿಸಿತು.

ಗ್ಯಾಸ್ಕೆಟ್ ಹುಡುಕುವ ಗೋಜೇ ಇಲ್ಲ. ಹಾಳೆಯನ್ನು ಫ್ಲಾಂಜಿನ ಮೇಲಿಟ್ಟು ಅಂಚಿಗುಂಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಬೋಲ್ಟಿನ ತೂತಿನ ಮೇಲೆ ಬೇರಿಂಗಿನ ಗುಂಡು ಇಟ್ಟು ಒಂದೇಟು ಹಾಕಿದರೆ ಕತ್ತರಿಸಿದಂತೆ ದುಂಡನೆ ಚೂರು ಉದುರಿತು. ನಾನೂ ಒಂದು ಪ್ರಯತ್ನಿಸಿದೆ; ಹಾಳೆ ಜರುಗಿ ತೂತು ಓರೆಯಾಯಿತು.

ಹಿತ್ತಲಿನಲ್ಲಿ ಲೇತ್ ಇತ್ತು. ಎಲ್ಲಿಯೂ ಸಿಗದ ಸ್ಕ್ರೂಗಳನ್ನು ಹಿತ್ತಾಳೆ ಸರಳಿನಿಂದ ಅಲ್ಲೇ ಕಡೆಯುತ್ತಾರೆ.

ಸಂಜೆ ಜೋಡಿಸಿದ ಕಾರ್ಬೊರೇಟರನ್ನು ಯೆಜ್ಡಿಗೆ ಕೂರಿಸಿ, ಕಳಚಿಟ್ಟಿದ್ದ ಟ್ಯಾಂಕನ್ನು ಮರಳಿ ಹಾಕಿ, ಕೆಳಗೆ ದಿನಪತ್ರಿಕೆ ಹಾಸಿ, ಪೆಟ್ರೋಲ್ ಕಾಕ್ ತಿರುಗಿಸಿದರು. ಕಿಕ್ ಹೊಡೆಯುತ್ತಾರೆಂದು ಕಾದೆ. ಹೊಡೆಯಲಿಲ್ಲ. ಹತ್ತು ನಿಮಿಷ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಆ ಕಾಗದವನ್ನೇ ನೋಡಿದೆವು. ಒಂದು ಹನಿಯೂ ಬೀಳಲಿಲ್ಲ.