"ನಮ್ಮ ಲೆಕ್ಕ ಯಾರಿಗೆ ಬೇಕ್ರಿ?"

ಗಂಗಾವತಿಯ ಅಕ್ಕಿ ಗಿರಣಿ, ಕುಷ್ಟಗಿಯ ಬೀಜದ ಅಂಗಡಿ, ಕೊಪ್ಪಳದ ದಲಾಲಿ ಅಂಗಡಿ, ಎಲ್ಲಿ ಹೋದರೂ ಖಾತೆ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಖರೀದಿ, ಉದ್ರಿ, ಜಿಎಸ್‌ಟಿ, ಹಮಾಲರ ಕೂಲಿ ಎಲ್ಲವೂ ಅದರಲ್ಲೇ. ಅದರ ಸುರಕ್ಷತೆಯ ಮಾತೆತ್ತಿದರೆ ಮಾತ್ರ, "ಬೆಂಗಳೂರಿನ ದೊಡ್ಡ ಕಂಪನಿ ಬಿಟ್ಟು ನಮ್ಮ ಲೆಕ್ಕ ಯಾರಿಗೆ ಬೇಕ್ರಿ?" ಎನ್ನುವವರೇ ಹೆಚ್ಚು.

ದಾಳಿ ಮಾಡುವವರು ಊರು ನೋಡಿ ಬರುವುದಿಲ್ಲ. ಅವರ ಪ್ರೋಗ್ರಾಂಗಳು ಇಂಟರ್ನೆಟ್ ವಿಳಾಸಗಳನ್ನು ಒಂದೊಂದಾಗಿ ತಡಕುತ್ತಾ, ಸರಿಪಡಿಸದ ದೋಷ ಸಿಕ್ಕಲ್ಲಿ ನುಗ್ಗುತ್ತವೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಸುಮಾರು 150 ದೇಶಗಳಿಗೆ ಹಬ್ಬಿದ್ದು ಹೀಗೆಯೇ. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತಿದ್ದುಪಡಿ ಕೊಟ್ಟಿತ್ತು; ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಲೆಕ್ಕ ದಾಳಿಕೋರರಿಗೆ ಬೇಕಿಲ್ಲ ನಿಜ, ಆದರೆ ನಿಮಗೆ ಬೇಕಲ್ಲ? ಸುಗ್ಗಿಯಲ್ಲಿ ಯಾವ ರೈತನಿಗೆ ಎಷ್ಟು ಬಾಕಿ ಎಂಬ ಕಡತಕ್ಕೇ ಬೀಗ ಬಿದ್ದರೆ ಮಾಲೀಕರು ಹಣ ಕೊಟ್ಟಾರು ಎಂಬುದೇ ಅವರ ಲೆಕ್ಕಾಚಾರ.

"ಪಾಸ್‌ವರ್ಡ್ ಗಟ್ಟಿ ಐತಿ, ಏನೂ ಆಗಂಗಿಲ್ಲ" ಎಂಬುದು ಇನ್ನೊಂದು ನಂಬಿಕೆ. ಪಾಸ್‌ವರ್ಡ್ ಗಟ್ಟಿಯಿರಲೇಬೇಕು, ಆದರೆ ಅಷ್ಟೇ ಸಾಲದು. ದೊಡ್ಡ ಕಾರ್ಖಾನೆಗಳು ಖರೀದಿಯಿಂದ ಸಂಬಳದವರೆಗೆ ನೆಚ್ಚಿಕೊಂಡಿರುವ ಎಸ್‌ಎಪಿ ತಂತ್ರಾಂಶದ ನೆಟ್‌ವೀವರ್ ಭಾಗದಲ್ಲಿ 2025ರಲ್ಲಿ ಒಂದು ದೋಷ ಪತ್ತೆಯಾಯಿತು. ಅದರ ತೀವ್ರತೆಗೆ ಸಿಕ್ಕ ಅಂಕ 10ಕ್ಕೆ 10. ಕಡತ ಏರಿಸುವ ಒಂದು ಕಿಂಡಿ, ಬಂದವರು ಯಾರೆಂದು ಕೇಳುತ್ತಲೇ ಇರಲಿಲ್ಲ. ಲಾಗಿನ್ ಇಲ್ಲದೆ ಯಾರು ಬೇಕಾದರೂ ತಮ್ಮ ಕಡತವನ್ನು ಸರ್ವರ್‌ಗೆ ಹಾಕಿ, ಅದರ ಮೂಲಕ ಇಡೀ ವ್ಯವಸ್ಥೆಯನ್ನು ಕೈವಶ ಮಾಡಿಕೊಳ್ಳಬಹುದಿತ್ತು. ಏಪ್ರಿಲ್ 24ಕ್ಕೆ ತಿದ್ದುಪಡಿ ಬಂತು; ದಾಳಿ ಅದಕ್ಕೂ ಮೊದಲೇ ಶುರುವಾಗಿತ್ತು. ಹಾಗಾಗಿ ಅಪ್‌ಡೇಟ್ ಹಾಕಿದರೆ ಕೆಲಸ ಮುಗಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಅಪ್‌ಡೇಟ್ ಕಿಂಡಿ ಮುಚ್ಚುತ್ತದೆ, ಆಗಲೇ ಒಳಗೆ ಸೇರಿದವರನ್ನು ಹೊರಹಾಕುವುದಿಲ್ಲ. ಅವರು ಬಿಟ್ಟುಹೋದ ಕಡತಗಳನ್ನು ಹುಡುಕಿ ತೆಗೆಯಲೇಬೇಕು.

ಸರ್ಕಾರಿ ಪೋರ್ಟಲ್ ಎಂದರೆ ಭದ್ರ ಎಂಬ ನಂಬಿಕೆಗೆ ನಮ್ಮ ರಾಜ್ಯದಲ್ಲೇ ಪೆಟ್ಟು ಬಿದ್ದಿದೆ. ಯಲಬುರ್ಗಾದ ಗುತ್ತಿಗೆದಾರರು ಸರ್ಕಾರಿ ಟೆಂಡರ್ ಹಾಕಬೇಕೆಂದರೆ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ ಇಎಂಡಿ, ಅಂದರೆ ಮುಂಗಡ ಠೇವಣಿ, ಕಟ್ಟಬೇಕು. ಟೆಂಡರ್ ಸಿಗದಿದ್ದರೆ ಆ ಹಣ ವಾಪಸ್ ಬರುತ್ತದೆ. 2019ರಲ್ಲಿ ಆ ಪೋರ್ಟಲ್‌ಗೆ ಕನ್ನ ಹಾಕಿ, ಹೀಗೆ ಹಿಂದಿರುಗಬೇಕಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ತಿರುಗಿಸಲಾಯಿತು. ಸಿಐಡಿ ಪ್ರಕರಣ ದಾಖಲಿಸಿತು. ಸಾಲ ಮಾಡಿ ಇಎಂಡಿ ಕಟ್ಟುವ ಸಣ್ಣ ಗುತ್ತಿಗೆದಾರರನ್ನು ನೆನೆದರೆ ಇದನ್ನು ಬರೀ ತಾಂತ್ರಿಕ ಸಮಸ್ಯೆ ಎನ್ನಲು ನನಗೆ ಮನಸ್ಸು ಬಾರದು.

ನಮ್ಮ ಬ್ಯಾಂಕ್ ಎಚ್ಚರವಾಗಿದ್ದರೆ ಸಾಕೇ? 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ನಿಂತಿತು. ಪೆಟ್ಟು ಬಿದ್ದದ್ದು ಬ್ಯಾಂಕುಗಳಿಗಲ್ಲ, ಅವಕ್ಕೆ ತಂತ್ರಾಂಶ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಗೆ. ಕ್ಲೌಡ್‌ಸೆಕ್ ಎಂಬ ಸೈಬರ್ ಸುರಕ್ಷತಾ ಸಂಸ್ಥೆಯ ವಿಶ್ಲೇಷಣೆಯಂತೆ, ದಾಳಿ ಮೊದಲು ಹೊಕ್ಕಿದ್ದು ಸಿ-ಎಡ್ಜ್ ಜೊತೆಗೆ ಕೆಲಸ ಮಾಡುತ್ತಿದ್ದ ಮತ್ತೊಂದು ಕಂಪನಿಯ ಜೆಂಕಿನ್ಸ್ ಎಂಬ ತಂತ್ರಾಂಶದ ಸರ್ವರ್ ಮೂಲಕ. ಆ ತಂತ್ರಾಂಶದಲ್ಲಿದ್ದ ದೋಷಕ್ಕೆ ಅದೇ ವರ್ಷದ ಜನವರಿಯಲ್ಲೇ ತಿದ್ದುಪಡಿ ಬಂದಿತ್ತು.

ನಮ್ಮ ಕಡೆ ನನಗೆ ಹೆಚ್ಚು ಭಯ ಹುಟ್ಟಿಸುವುದು ಎರಡು ರೂಢಿಗಳು. ಒಂದು, ಕ್ರ್ಯಾಕ್ ಮಾಡಿದ ಲೆಕ್ಕದ ತಂತ್ರಾಂಶ. ಅದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿರುತ್ತಾರೆ, ಮುಂದೆ ಅಪ್‌ಡೇಟೂ ಸರಿಯಾಗಿ ಬಾರದು. ಇನ್ನೊಂದು, ಮಾಲೀಕರು ಮನೆಯಿಂದ ಲೆಕ್ಕ ನೋಡಲೆಂದು ಆಫೀಸಿನ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವುದು. ಒತ್ತೆಹಣ ಕೇಳುವ ಗುಂಪುಗಳು ಮೊದಲು ಹುಡುಕುವ ದಾರಿಗಳಲ್ಲಿ ಇದೂ ಒಂದು. ವಿಪಿಎನ್ ಮೂಲಕ ಮಾತ್ರ ಒಳಬರುವಂತೆ ಮಾಡಿಸಿ. ಬ್ಯಾಕಪ್ ತೆಗೆದ ಡಿಸ್ಕನ್ನು ಕಂಪ್ಯೂಟರ್‌ಗೆ ಚುಚ್ಚಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ, ಬಿಚ್ಚಿ ಬೇರೆ ಇಡಿ.

ಏನಾದರೂ ಆದರೆ "ಮರ್ಯಾದಿ ಹೋಗ್ತದ" ಎಂದು ಮುಚ್ಚಿಡುವವರಿದ್ದಾರೆ. ಸಂಸ್ಥೆಗಳು ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ಆದೇಶ 2022ರಿಂದಲೇ ಇದೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ.